ಏಣಿಯಿಳಿಯದ ಕೇಬಲ್ ಮಾವ
ನಾಳೆ ಬೆಳಿಗ್ಗೆ ಹಿರಿಯರ ಕಂಪ್ಯೂಟರ್ ತರಗತಿ ಶುರುವಾಗಬೇಕು. ಕೇಬಲ್ ಮಾವ ಮಾತ್ರ ಇನ್ನೂ ಏಣಿಯ ಮೇಲೇ ಇದ್ದಾರೆ. ಸಮುದಾಯ ಭವನ ನೋಡಿಕೊಳ್ಳುವ ಅಕ್ಕನಿಗೆ ತಲೆ ಚಿಟ್ಟು ಹಿಡಿದಿದೆ. ಈ ಮನುಷ್ಯ ಗೋಡೆಗುಂಟ ವೈರು ಎಳೆದು, ಒಂದು ಕಣ್ಣು ಮುಚ್ಚಿ ನೋಡಿ, ಕೂದಲೆಳೆಯಷ್ಟು ಸೊಟ್ಟ ಕಂಡರೂ ಕಿತ್ತು ಮತ್ತೆ ಎಳೆಯುತ್ತಾರೆ. ಅವಸರ ಮಾಡಿದರೆ ಟೀ ಕೇಳುತ್ತಾರೆ. “ವೈಫೈ ಹಾಕಿ ಮುಗಿಸಬಾರದಾ ಮಾವ?” ಎಂದರೆ, “ಈ ದಪ್ಪ ಗೋಡೆ ದಾಟಲ್ಲಮ್ಮ, ಗಾಳೀನ ನಂಬ್ಕೊಂಡ್ರೆ ಪಾಠ ಅರ್ಧಕ್ಕೇ ನಿಲ್ಲುತ್ತೆ” ಎನ್ನುತ್ತಾರೆ. ಈಗ, ಮುಗಿದಿದ್ದ ಕೊನೆಯ ವೈರನ್ನೂ ಕಿತ್ತರು. “ಅದಕ್ಕೇನಾಗಿತ್ತು ದಾಡಿ?” ಅಕ್ಕ ಸಿಡಿದಳು. “ಹಿಂದಿನ ಸಾಲಲ್ಲಿ ಜಾಗ ಕೊಟ್ಟಿರೋ ತಾತಂಗೆ ಕಿವಿ ಮಂದ. ಅವರ ಕಂಪ್ಯೂಟರ್ ವೈರನ್ನ ಟೀಚರ್ ಪಕ್ಕಕ್ಕೆ ತರ್ತೀನಿ. ಇಲ್ದಿದ್ರೆ ಕೇಳಿಸ್ಲಿಲ್ಲ ಅನ್ನೋಕೆ ನಾಚ್ಕೊಂಡು ಬರೋದೇ ಬಿಟ್ಬಿಡ್ತಾರೆ.” ಅಕ್ಕ ಫೋನ್ ತೆಗೆದು ತರಗತಿಯನ್ನು ಮಧ್ಯಾಹ್ನಕ್ಕೆ ಮುಂದೂಡಿದಳು.