ಗಾಳಿ ಕಾಯುತ್ತಿದ್ದ ಮರುಳಪ್ಪನವರು

ನಮ್ಮ ಲ್ಯಾಬಿನ ಗೇಟಿನ ಪಕ್ಕದ ನಲ್ಲಿಯಲ್ಲಿ ಮರುಳಪ್ಪನವರು ದಿನವೂ ಹಣೆಯ ವಿಭೂತಿ ತೊಳೆದುಕೊಂಡು ಒಳಗೆ ಬರುತ್ತಿದ್ದರು. ಬೆಳಗ್ಗೆ ಅಜ್ಜಂಪುರದ ಮನೆಯಲ್ಲಿ ಪೂಜೆ ಮುಗಿಸಿ, ಹಣೆ ತುಂಬ ಪಟ್ಟೆ ಎಳೆದುಕೊಂಡು ಬಸ್ಸು ಹತ್ತುವ ಮನುಷ್ಯ, ತರೀಕೆರೆಯಲ್ಲಿಳಿದು ನಮ್ಮಲ್ಲಿಗೆ ಬಂದ ಕೂಡಲೇ ಮಾಡುತ್ತಿದ್ದ ಕೆಲಸ ಅದು. ಮೊದಲ ಸಲ ನೋಡಿದಾಗ ನನಗೆ ಕಸಿವಿಸಿಯಾಯಿತು. ಮುಖ ಒರೆಸಿಕೊಳ್ಳುತ್ತಾ ಅವರೇ ಹೇಳಿದರು: "ಇದೂ ಪುಡಿನೇ ಅಲ್ವೇನಮ್ಮ? ಒಳಗೆ ಬರಂಗಿಲ್ಲ. ಶಿವಂಗೆ ಹೇಳೇ ಬಂದಿದೀನಿ."

ನಮ್ಮದು ಬಾಳೆ ಸಸಿ ಬೆಳೆಸುವ ಲ್ಯಾಬು. ಬಾಳೆಕಂದಿನ ಎಳೆಯ ತಿರುಳನ್ನು ಉಗುರಿನಷ್ಟು ಕತ್ತರಿಸಿ, ಸಕ್ಕರೆ, ಲವಣ ಬೆರೆಸಿದ ಜೆಲ್ಲಿಯ ಮೇಲಿಟ್ಟು ಬಾಟಲಿ ಮುಚ್ಚಿದರೆ, ವಾರಗಳು ಕಳೆದಂತೆ ಅದು ಪುಟ್ಟ ಪುಟ್ಟ ಸಸಿಗಳಾಗಿ ಒಡೆಯುತ್ತದೆ. ಆ ಜೆಲ್ಲಿ ಬೇಯಿಸುವುದು ನನ್ನ ಕೆಲಸ. ಗಾಜಿನಾಚೆ, ಸೋಸಿದ ಗಾಳಿಯ ಕ್ಲೀನ್ ರೂಮಿನಲ್ಲಿ ಕೂತು ಕತ್ತರಿಸುವವಳು ಜಯಮ್ಮ. ಆ ಕೋಣೆಯ ಗಾಳಿ ನೋಡಿಕೊಳ್ಳುವವರು ಮರುಳಪ್ಪನವರು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಸೂಕ್ಷ್ಮ ಯಂತ್ರ ಜೋಡಿಸುವ ಕ್ಲೀನ್ ರೂಮನ್ನು ವರ್ಷಗಟ್ಟಲೆ ಕಾಯ್ದು, ನಿವೃತ್ತರಾಗಿ ಊರಿಗೆ ಮರಳಿದ್ದರು.

ಅವರು ಅವಸರದಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಮೊಣಕಾಲುದ್ದದ ನೀರಿನಲ್ಲಿ ನಡೆಯುವವರ ಹಾಗೆ, ಧೂಳೇಳದಂತೆ ಹೆಜ್ಜೆ ಎತ್ತಿ ಇಡುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಗಾಜಿನೆದುರು ನಿಂತು ಕಣ್ಣನ್ನು ಅರೆ ಮುಚ್ಚುತ್ತಿದ್ದರು. "ಏನು ನೋಡ್ತೀರಿ?" ಎಂದರೆ, "ಗಾಳಿ ಇಳೀತಾ ಐತೆ ಕಣಮ್ಮ, ಸೂರಿಂದ ನೆಲಕ್ಕೆ, ಸೋನೆ ಹನಿ ಬಿದ್ದಂಗೆ. ಜಯಮ್ಮನ ತಲೆ ಸವರ್ಕಂಡು, ಭುಜದ ಮೇಲಿಂದ ಜಾರಿ ಹೋಗ್ತಾ ಐತೆ" ಎನ್ನುತ್ತಿದ್ದರು. ಕೇಳುತ್ತಾ ಕೇಳುತ್ತಾ ನನಗೂ ಅದು ಕಂಡಂತಾಗುತ್ತಿತ್ತು. ಬಿಳಿ ನಿಲುವಂಗಿಯ ಜಯಮ್ಮ ಯಾವುದೋ ಕೆರೆಯ ತಳದಲ್ಲಿ ಕೂತು ಸೊಪ್ಪು ಹೆಚ್ಚುತ್ತಿರುವಂತೆ.

ಒಂದು ಮಳೆಗಾಲ ಬಾಟಲಿಗಳಿಗೆ ಬೂಷ್ಟು ಬಂತು. ಮೊದಲು ಒಂದು ಕಪಾಟಿನಲ್ಲಿ, ಆಮೇಲೆ ನಾಲ್ಕರಲ್ಲಿ. ಸಸಿಗಳು ಕರಿ ತುಪ್ಪಳದೊಳಗೆ ಮುಳುಗಿ ಸತ್ತವು. ಮರುಳಪ್ಪನವರು ಹತ್ತು ಗಂಟೆಗೆ ಬಂದು ಧೂಳು ಎಣಿಸುವ ಯಂತ್ರ ಹಿಡಿದು ನೋಡಿದರು. ಕೋಣೆ ಶುದ್ಧವಾಗಿತ್ತು. ಮೂರು ದಿನ ನೋಡಿದರೂ ಶುದ್ಧವೇ. "ಗಾಳೀಲೇನೂ ಇಲ್ಲ" ಎಂದರು. ಗಾಳಿಯಲ್ಲಿಲ್ಲವೆಂದರೆ ಇನ್ನು ಉಳಿದದ್ದು ಜಯಮ್ಮನ ಕೈ. ಲ್ಯಾಬಿನ ಯಜಮಾನರು ಅವಳನ್ನು ಕರೆದು, ಹೇಳಿಕಳಿಸುವವರೆಗೂ ಬರಬೇಡ ಎಂದುಬಿಟ್ಟರು. ಅವಳು ನಿಲುವಂಗಿ ಮಡಿಸಿಟ್ಟು ಲಕ್ಕವಳ್ಳಿ ಬಸ್ಸು ಹತ್ತಿದಳು.

ಅವಳು ಹೋದ ಮಾರನೆಯ ದಿನ ಮರುಳಪ್ಪನವರು ನನ್ನ ಬಳಿ ಬಂದು, "ನಿನ್ನ ಜೆಲ್ಲಿ ಸ್ವಲ್ಪ ಕೊಡಮ್ಮ" ಎಂದರು. ಅದನ್ನು ಅಗಲವಾದ ಗಾಜಿನ ತಟ್ಟೆಗಳಿಗೆ ಹುಯ್ಯಿಸಿಕೊಂಡು, ಬೆಳಗ್ಗೆ ಗಾಳಿ ನೂಕುವ ಫ್ಯಾನು ಹಾಕುವ ಮುಂಚೆಯೇ ಖಾಲಿ ಕೋಣೆಯ ಅಲ್ಲಲ್ಲಿ ತೆರೆದಿಟ್ಟು, ಫ್ಯಾನು ಹಾಕಿ, ಒಂದು ಗಂಟೆಯ ನಂತರ ಮುಚ್ಚಿದರು. ನಾಲ್ಕು ದಿನಕ್ಕೆ, ಸೂರಿನಲ್ಲಿ ಗಾಳಿ ಸೋಸುವ ಫಿಲ್ಟರಿನ ಕೆಳಗಿದ್ದ ತಟ್ಟೆಯಲ್ಲಿ ಕರಿ ಚುಕ್ಕೆಗಳೆದ್ದವು. ಆ ದಿನಗಳಲ್ಲಿ ಜಯಮ್ಮ ಆ ಕೋಣೆಗೆ ಕಾಲಿಟ್ಟೇ ಇರಲಿಲ್ಲ.

ಅವರು ಏಣಿ ಹತ್ತಿ ನೋಡಿದರು. ಫಿಲ್ಟರಿನ ಅಂಚಿನ ಪಟ್ಟಿ ತೇವ ಹಿಡಿದು, ಕೋಣೆಯ ಕಡೆಗೇ ಬೂಷ್ಟು ಬೆಳೆದಿತ್ತು. ಸಂಜೆ ಕೆಲಸ ಮುಗಿದ ಮೇಲೆ ಫ್ಯಾನು ಆರಿಸಿ ಎಂದು ಹೇಳಿದ್ದವರು ಅವರೇ. ನಿಂತ ಗಾಳಿಯಲ್ಲಿ ಅದು ಬೆಳೆಯುತ್ತಿತ್ತು. ಬೆಳಗ್ಗೆ ಫ್ಯಾನು ಹಾಕಿದ ಕೂಡಲೇ ಅದರ ಪುಡಿ ಒಮ್ಮೆಗೇ ಉದುರುತ್ತಿತ್ತು. ಹತ್ತು ಗಂಟೆಗೆ ಅವರು ಯಂತ್ರ ಹಿಡಿಯುವ ಹೊತ್ತಿಗೆ ಗಾಳಿ ತಿಳಿಯಾಗಿರುತ್ತಿತ್ತು.

ಏಣಿಯಿಂದಿಳಿದವರು ಅದರ ಮೆಟ್ಟಿಲ ಮೇಲೇ ಕೂತರು. "ಕಾರ್ಖಾನೇಲಿ ಧೂಳು ಇವತ್ತು ಬಿದ್ದಿದ್ರೆ ನಾಳೆನೂ ಅಷ್ಟೇ ಇರ್ತಿತ್ತು ಕಣಮ್ಮ. ಒರೆಸಿದ್ರೆ ಮುಗೀತು. ಇದಕ್ಕೆ ಜೀವ ಐತೆ, ಸಂಸಾರ ಐತೆ. ನಾನು ಇದನ್ನೂ ಧೂಳು ಅಂದ್ಕಂಡ್ಬಿಟ್ಟೆ."

ಯಜಮಾನರಿಗೆ ತಪ್ಪು ತಮ್ಮದೆಂದು ಹೇಳಿ, ಅಂದೇ ಲಕ್ಕವಳ್ಳಿಗೆ ಹೊರಟರು. ನನ್ನನ್ನೂ ಕರೆದುಕೊಂಡು ಹೋದರು. ಜಯಮ್ಮ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ಮೊರ ಕೆಳಗಿಡಲಿಲ್ಲ.

"ತಪ್ಪು ನಂದು, ಜಯಮ್ಮ. ಬಾರವ್ವ" ಎಂದರು ಇವರು.

"ಹೋಗ್ಲಿ ಬಿಡಿ ಅಂತ ನಾನು ಹೇಳಾಕಿಲ್ಲ ಕಣ್ರೀ. ಇಷ್ಟು ದಿನ ನನ್ನ ಕೈನ ನಾನೇ ತಿರುಗಿಸಿ ತಿರುಗಿಸಿ ನೋಡ್ಕಂಡಿದೀನಿ. ಮಗೀಗೆ ಅನ್ನ ಕಲಸಾಕೂ ಹೆದ್ರಿಕೆ ಆಗ್ತಿತ್ತು."

"ಹೇಳ್ಬೇಡ. ಆದ್ರೆ ಬಾ."

ಮಾರನೆಯ ಬೆಳಗ್ಗೆ ಅವಳು ಬಂದಳು. ಫಿಲ್ಟರಿನ ಪಟ್ಟಿ ಬದಲಾಯಿತು; ಆಮೇಲೆ ಫ್ಯಾನು ರಾತ್ರಿಯೂ ನಿಲ್ಲಲೇ ಇಲ್ಲ. ಅವರು ತಮಗೆ ಗೊತ್ತಿದ್ದದ್ದನ್ನೆಲ್ಲ ಜಯಮ್ಮನಿಗೆ ಕಲಿಸತೊಡಗಿದರು. ಅವಳೂ ಬಿಗುಮಾನ ಬಿಟ್ಟಳು, ಆದರೆ ಒಂದೇ ದಿನದಲ್ಲಲ್ಲ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಕಡೂರಿನಲ್ಲಿ. ಅಲ್ಲಿನ ಆಸ್ಪತ್ರೆಯಲ್ಲಿ ಕ್ಷಯರೋಗಿಗಳ ಕಫ ಪರೀಕ್ಷೆಗೆಂದು ಹೊಸ ಕೋಣೆಯೊಂದನ್ನು ಕಟ್ಟುತ್ತಿದ್ದರು. ಗಾಳಿಯ ವ್ಯವಸ್ಥೆ ಇವರದು. ನಾನು ಲ್ಯಾಬಿನ ಸಾಮಾನು ತರಲು ಹೋದವಳು ಇಣುಕಿದೆ. ಬಾಗಿಲ ಸಂದಿಗೆ ನೂಲಿನೆಳೆಯೊಂದನ್ನು ಹಿಡಿದು, ಮಂಡಿಯೂರಿ ಕೂತಿದ್ದರು. ನಮ್ಮಲ್ಲಾದರೆ ಎಳೆ ಹೊರಕ್ಕೆ ತೂಗುತ್ತಿತ್ತು. ಇಲ್ಲಿ ಮೆಲ್ಲಗೆ ಒಳಕ್ಕೆ ಬಾಗಿತು.

"ನೋಡು, ಉಲ್ಟಾ! ಅಲ್ಲಿ ನಮ್ಮ ಉಸಿರು ಸಸೀಗೆ ತಾಗಬಾರದು. ಇಲ್ಲಿ ಒಳಗಿಂದು ನಮಗೆ ತಾಗಬಾರದು. ಅದಕ್ಕೇ ಗಾಳಿ ಒಳಗೆ ಹೋಗಿ ಸೋಸ್ಕಂಡು ಬರ್ಬೇಕು. ಕಾರ್ಖಾನೇಲಿ ಇದ್ದಷ್ಟೂ ದಿನ ಮನುಷ್ಯಂದೇ ಕೊಳೆ ಅಂತಿದ್ದೆ. ಈಗ ಮನುಷ್ಯನ್ನ ಕಾಯೋ ಕೋಣೇನೂ ಒಂದು ಮಾಡ್ದಂಗಾಯ್ತು." ಮುಖದಲ್ಲಿ ಮಗುವಿನ ಖುಷಿ. ಎದ್ದು ನಿಲ್ಲಲು ನನ್ನ ಕೈ ಹಿಡಿದುಕೊಂಡರು. ಅಂಗೈ ತಣ್ಣಗಿತ್ತು. "ಬತ್ತೀನಿ ಕಣಮ್ಮ, ಸೋಮವಾರ" ಎಂದರು.

ಸೋಮವಾರ ಬೆಳಗ್ಗೆ ಅಜ್ಜಂಪುರದಿಂದ ಫೋನು ಬಂತು. ನಿದ್ದೆಯಲ್ಲೇ ಹೋಗಿದ್ದರು.

ಜಯಮ್ಮ ಆಗಲೇ ಒಳಗೆ ಕೂತಿದ್ದಳು. ಒಂದು ತಟ್ಟೆ ತುಂಬ ತಿರುಳು ಕತ್ತರಿಸಿ ಹರಡಿಕೊಂಡಿದ್ದಳು; ಬಾಟಲಿ ಸೇರುವವರೆಗೆ ಅದನ್ನು ಬಿಟ್ಟು ಏಳುವಂತಿಲ್ಲ. ನಾನು ಗಾಜಿನೆದುರು ಹೋಗಿ ನಿಂತೆ. ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು. ಚಿಮಟ ಹಿಡಿದ ಕೈ ಕ್ಷಣ ನಿಂತಿತು. ಮತ್ತೆ ತಲೆ ತಗ್ಗಿಸಿ ಒಂದೊಂದೇ ತುಣುಕನ್ನು ಎತ್ತಿ ಬಾಟಲಿಗಿಟ್ಟಳು. ಒಂದೊಂದೇ ಮುಚ್ಚಳ ತಿರುಗಿಸಿದಳು. ಮಾಸ್ಕಿನ ಬಟ್ಟೆ ಒದ್ದೆಯಾಗುತ್ತಾ ಹೋಯಿತು. ಕೊನೆಯ ಬಾಟಲಿ ಮುಚ್ಚಿ, ಎದ್ದು, ನಿಧಾನವಾಗಿ ಹೆಜ್ಜೆ ಎತ್ತಿಡುತ್ತಾ ಹೊರಗೆ ಬಂದಳು. ಕೋಣೆಯ ಒಳಗಿನದು, ಹೊರಗಿನದು ಎರಡೂ ಬಾಗಿಲು ಸರಿಯಾಗಿ ಮುಚ್ಚಿಕೊಂಡವೆಂದು ನೋಡಿದ ಮೇಲೆಯೇ ಕೇಳಿದಳು:

"ಯಾವಾಗ ಹೋದ್ರಕ್ಕ?"