ಬೆಟಗೇರಿಗೆ ವೀಸಾ

ನಿಧಿಗೆ ಏಳು ತಿಂಗಳಾಗಿದ್ದಾಗ, ಒಂದು ಮಧ್ಯಾಹ್ನ, ನಾನು ಥರ್ಮಾಮೀಟರ್ ಹಿಡಿದುಕೊಂಡು ವಾಷಿಂಗ್ಟನ್ ಪಕ್ಕದ ರಾಕ್‌ವಿಲ್ಲಿನ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಅಳುತ್ತಾ ಕೂತಿದ್ದೆ. ಮಗುವಿನ ಜ್ವರ ನೂರು ಕೂಡ ದಾಟಿರಲಿಲ್ಲ. ಬೆಳಗಿನಿಂದ ಡಾಕ್ಟರ ಆಫೀಸಿಗೆ ಮೂರು ಸಲ ಫೋನ್ ಮಾಡಿದ್ದೆ. ಮೂರನೆಯ ಸಲ ಅಲ್ಲಿನ ನರ್ಸ್ ನಾನು ಬಾಯಿ ತೆರೆಯುವ ಮೊದಲೇ "ಹಾಯ್, ರಾಜಲಕ್ಷ್ಮಿ" ಎಂದಿದ್ದಳು.

ಕೆಳಗಿನ ಮನೆಯ ಬಾಗಿಲು ತೆರೆಯಿತು. ಇಳಕಲ್ ಸೀರೆಯ ಮೇಲೆ ಗಂಡಸರ ಸ್ವೆಟರ್ ಹಾಕಿಕೊಂಡ ಹಿರಿಯರೊಬ್ಬರು ಹೊರಗೆ ಬಂದರು. ಏನೂ ಕೇಳದೆ ಮಗುವನ್ನು ಎತ್ತಿಕೊಂಡು ಬಾಯೊಳಗೆ ಬೆರಳಾಡಿಸಿದರು.

"ಹಲ್ಲು ಬರಾಕತ್ತಾವ. ಕೂಸಿಗೇನೂ ಆಗಿಲ್ಲ. ನೀ ಉಂಡೀಯೇನು?"

ಉಂಡಿರಲಿಲ್ಲ. ಅವರ ಅಡುಗೆಮನೆಯಲ್ಲಿ ಕೂತು ಜೋಳದ ರೊಟ್ಟಿ ತಿಂದೆ. ಹೆಸರು ಶಿವಕ್ಕ ಎಂದರು. "ತುಂಬಾ ಥ್ಯಾಂಕ್ಸ್ ಶಿವಕ್ಕ ಆಂಟಿ" ಅಂದಾಗ ನಕ್ಕರು. "ಹೆಸರಿನಾಗ ಅಕ್ಕ ಐತಲ್ಲ, ಮ್ಯಾಲ ಮತ್ತ ಆಂಟಿ ಯಾಕ? ಒಂದು ಸಾಕು." ಅಂದಿನಿಂದ ನನಗೆ ಅವರು ಶಿವಕ್ಕ, ಅವರಿಗೆ ನಾನು ರಾಜವ್ವ.

ಶಿವಕ್ಕ ಗದಗದ ಪಕ್ಕದ ಬೆಟಗೇರಿಯವರು. ಅಲ್ಲಿನ ಅಂಗನವಾಡಿಯಲ್ಲಿ ಹದಿಮೂರು ವರ್ಷ ಮಕ್ಕಳಿಗೆ ಉಪ್ಪಿಟ್ಟು ಬೇಯಿಸಿ, ಮೂಗು ಒರೆಸಿ, ಅ ಆ ಇ ಈ ತಿದ್ದಿಸಿದವರು. ಗಂಡ ತೀರಿಕೊಂಡ ಮೇಲೆ ಮಗ ಸಿದ್ಧಲಿಂಗೇಶ್ ಅವರನ್ನು ಗ್ರೀನ್ ಕಾರ್ಡಿನ ಮೇಲೆ ಕರೆಸಿಕೊಂಡಿದ್ದರು. ಆತ ಇಲ್ಲಿನ ಒಂದು ಔಷಧ ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದರು, ಸೊಸೆಗೂ ಕೆಲಸ. ಅವರ ಇಬ್ಬರು ಮಕ್ಕಳನ್ನು ಬೆಳೆಸಿದ್ದು ಶಿವಕ್ಕ. ಆ ಮಧ್ಯಾಹ್ನದ ನಂತರ ನಿಧಿಯನ್ನೂ, ನಿಜ ಹೇಳಬೇಕೆಂದರೆ ನನ್ನನ್ನೂ, ಅವರೇ ನೋಡಿಕೊಂಡರು.

ಅವರಿಗೆ ಇನ್ನೊಂದು ಮಗು ಬೆಟಗೇರಿಯಲ್ಲಿತ್ತು. ಮಗಳು ಸಿದ್ದೇಶ್ವರಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ, ಎರಡು ಸಲ ಕಳೆದುಕೊಂಡ ಮೇಲೆ, ೧೯೯೬ರ ಸೆಪ್ಟೆಂಬರಿನಲ್ಲಿ ಮತ್ತೆ ಬಸುರಿಯಾದಳು. ದಿನ ತುಂಬುವುದು ಜೂನ್ ಮಧ್ಯದಲ್ಲಿ. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕು. ಆದರೆ ಅವಳ ತವರು ಈಗ ರಾಕ್‌ವಿಲ್ಲಿನ ಮೂರನೆಯ ನಂಬರಿನ ಅಪಾರ್ಟ್‌ಮೆಂಟು.

"ಆಕಿ ತವರಿಗೆ ಬರಾಕ ಆಗೂದಿಲ್ಲ. ತವರ ಆಕೀ ಮನಿಗೆ ಹೋಗಬೇಕು" ಎಂದು ಶಿವಕ್ಕ ಹೇಳುತ್ತಿದ್ದರು. ಐದು ತಿಂಗಳ ಬಾಣಂತನ, ಆಮೇಲೆ ಮಗು ಕೂರುವ ತನಕ, ಅಂಬೆಗಾಲಿಡುವ ತನಕ. ಅಡಚಣೆ ಗ್ರೀನ್ ಕಾರ್ಡಿನದು. ಮಗಳ ಹಿಂದಿನ ಎರಡು ಬಸಿರಿಗೂ ಹೋಗಿ ಐದೈದು ತಿಂಗಳು ಇದ್ದು ಬಂದಿದ್ದರು. ಎರಡನೆಯ ಸಲ ವಾಪಸು ಬಂದಾಗ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕಾರ್ಡನ್ನು ಕೈಯಲ್ಲಿ ತಿರುಗಿಸುತ್ತಾ, ನೀವು ಇರುವುದು ಅಲ್ಲೋ ಇಲ್ಲೋ, ಇನ್ನೊಮ್ಮೆ ಹೀಗಾದರೆ ಕಾರ್ಡು ಹೋಗುತ್ತದೆ ಎಂದಿದ್ದರಂತೆ. ಕಾರ್ಡು ಹೋದರೆ ಇಲ್ಲಿನ ಮೊಮ್ಮಕ್ಕಳ ಬಳಿಗೆ ಬರುವ ದಾರಿಯಿಲ್ಲ. ಸಿಟಿಜನ್ ಆದರೆ ಆ ಹೆದರಿಕೆಯಿಲ್ಲವೆಂದು ಮಗ ಅರ್ಜಿ ಹಾಕಿಸಿದ್ದರು. ಆದರೆ ಇಂಡಿಯಾ ಎರಡು ಪೌರತ್ವ ಒಪ್ಪುವುದಿಲ್ಲ. ಇದನ್ನು ತಗೊಂಡರೆ ಅದು ಹೋಯಿತು.

ಶಿವಕ್ಕನಿಗೆ ಎರಡೂ ಬೇಕಾಗಿತ್ತು.

"ಗಂಡನ ಮನಿಗೆ ಹ್ವಾದ್ರ ತವರಮನಿ ಬಿಡು ಅಂತ ಯಾರರ ಅಂತಾರೇನು?" ಅಂತ ಸಂಕ್ರಾಂತಿಗೆ ಕನ್ನಡದವರೆಲ್ಲ ಊಟಕ್ಕೆ ಸೇರಿದ್ದಾಗ ಕೇಳಿದರು. ಎದುರಿಗಿದ್ದ ಮುರಳೀಧರ ಅಂಕಲ್ ಇಂಥ ವಿಷಯಗಳಲ್ಲಿ ನಮ್ಮೆಲ್ಲರ ಲಾಯರು, ಓದಿದ್ದು ಮಾತ್ರ ಸಿವಿಲ್ ಎಂಜಿನಿಯರಿಂಗ್.

"ಅಮ್ಮಾ, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ" ಎಂದರು ಮೊಸರನ್ನ ಕಲೆಸುತ್ತಾ. "ಇಲ್ಲಿ ಪ್ರಮಾಣ ತಗೊಳ್ಳಿ. ಇಂಡಿಯನ್ ಪಾಸ್‌ಪೋರ್ಟ್ ಬೀರುವಿನಲ್ಲಿ ಸೀರೆ ಕೆಳಗೆ ಇಟ್ಕೊಳ್ಳಿ. ಹೋಗೋವಾಗ ಅದನ್ನ ತೋರ್ಸಿ, ಬರೋವಾಗ ಇದನ್ನ ತೋರ್ಸಿ. ಎಲ್ಲಾರೂ ಮಾಡೋದು ಅದೇ."

"ಎಲ್ಲಾರೂ ಅಂದ್ರ, ನೀವೂ ಮಾಡೀರೇನ್ರಿ?"

ಅಂಕಲ್ ಉಪ್ಪಿನಕಾಯಿ ಹುಡುಕಲು ಎದ್ದು ಹೋದರು.

ಇಂಟರ್‌ವ್ಯೂಗೆ ಅವರನ್ನು ತಯಾರು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನೂರು ಪ್ರಶ್ನೆಗಳ ಹಾಳೆಯನ್ನು ನಿಧಿಗೆ ಊಟ ಮಾಡಿಸುತ್ತಾ ಉರುಹೊಡೆಸಿದೆ. ಧ್ವಜದಲ್ಲಿ ಎಷ್ಟು ನಕ್ಷತ್ರ, ಸೆನೆಟರುಗಳು ಎಷ್ಟು. ನಿಧಿಗೇ "ಫಿಫ್ಟಿ" ಬಾಯಿಗೆ ಬಂತು. ಬೇರೆ ಮನೆಗಳಲ್ಲಿ ಮಕ್ಕಳು ತಮ್ಮ ತಂದೆತಾಯಿಗೆ, ಕೊನೆಗೆ ಕೇಳೋದಕ್ಕೆಲ್ಲ ಯೆಸ್ ಅನ್ನಿ ಎಂದು ಹೇಳಿ ಕಳಿಸುತ್ತಿದ್ದರು. ನನಗೆ ಅಷ್ಟಕ್ಕೆ ಸಮಾಧಾನವಿಲ್ಲ. ಅರ್ಥವಾಗದೆ ಯೆಸ್ ಅಂದು ನಾಳೆ ಏನಾದರೂ ಆದರೆ? ನಿಘಂಟು ತೆಗೆದು ಪ್ರಮಾಣವಚನದ ಒಂದೊಂದು ಮಾತನ್ನೂ ಕನ್ನಡಕ್ಕೆ ತಿರುಗಿಸಿ ಓದಿದೆ. ಹಿಂದಿನ ದೇಶದ ನಿಷ್ಠೆಯನ್ನು ಸಂಪೂರ್ಣವಾಗಿ ತೊರೆಯುತ್ತೇನೆ.

"ತೊರಿಯೂದು ಅಂದ್ರ? ಗಂಡ ಹೆಂಡ್ತೀನ ಬಿಟ್ಟಂಗೇನು?"

"ಹೂಂ, ಸುಮಾರು ಹಾಗೇ" ಎಂದೆ. ಹಾಗೆ ಅಂದದ್ದಕ್ಕೆ ಇವತ್ತಿಗೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಫೆಬ್ರವರಿಯಲ್ಲಿ ಬಾಲ್ಟಿಮೋರಿನಲ್ಲಿ ಇಂಟರ್‌ವ್ಯೂ. ಮಗನಿಗೆ ರಜೆ ಸಿಗದೆ ನಾನೇ ಡ್ರೈವ್ ಮಾಡಿಕೊಂಡು ಹೋದೆ. ಲೈಸೆನ್ಸ್ ಬಂದು ಎರಡೇ ತಿಂಗಳು. ಹೈವೇಯಲ್ಲಿ ಉದ್ದಕ್ಕೂ ಬಲಗಡೆಯ ಲೇನ್ ಬಿಡಲಿಲ್ಲ. ಲಾರಿಗಳು ಹಾರ್ನ್ ಹೊಡೆದಾಗಲೆಲ್ಲ ಶಿವಕ್ಕ "ಹೋಗಲಿ ಬಿಡವಾ, ಅವರಿಗೇನು ಅವಸರ ಐತೋ" ಎನ್ನುತ್ತಿದ್ದರು. ಅವರನ್ನು ಒಳಗೆ ಕರೆದರು. ನಾನು ನಿಧಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೊರಗೆ ಕಾದೆ. ಇಪ್ಪತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ಐವತ್ತು ದಾಟಿದ, ಕನ್ನಡಕವನ್ನು ಸರಪಳಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ಕಪ್ಪು ಹೆಂಗಸು, ಅವರೇ ಅಧಿಕಾರಿ, ನನ್ನನ್ನು ನೋಡಿ ಕೇಳಿದರು.

"ನೀವು ಮಗಳಾ?"

"ಪಕ್ಕದ ಮನೆಯವಳು."

"ಎಲ್ಲಾ ಪ್ರಶ್ನೆಗೂ ಸರಿಯಾಗಿ ಉತ್ತರ ಕೊಟ್ಟರು. ಪ್ರಮಾಣ ತಗೊಳ್ಳೋಕೆ ಒಪ್ಪಿಗೆಯಾ ಅಂತ ಕೇಳಿದರೆ ನೋ ಅಂತಾರೆ. ಏನು ಅರ್ಥ ಮಾಡ್ಕೊಂಡಿದ್ದಾರೆ, ಕೇಳ್ತೀರಾ?"

ನಿಧಿಯನ್ನು ಎತ್ತಿಕೊಂಡು ಅವರ ಹಿಂದೆ ಹೋದೆ. ಒಳಗೆ ಶಿವಕ್ಕ ಕುರ್ಚಿಯ ಅಂಚಿನಲ್ಲಿ, ಸೆರಗು ಹೊದ್ದು, ಅಪರಾಧವೇನೂ ಮಾಡದವರಂತೆ ಕೂತಿದ್ದರು.

"ಶಿವಕ್ಕ, ಯಾಕೆ ಹಾಗಂದ್ರಿ?"

"ಮತ್ತೇನನ್ಲಿ ರಾಜವ್ವ? ಕೈ ಎತ್ತಿಸಿ, ಸುಳ್ಳು ಹೇಳೂದಿಲ್ಲ ಅಂತ ಮೊದಲ ಆಣಿ ಮಾಡಿಸ್ಯಾರ. ಆಮ್ಯಾಲ ಅದನ್ನ ಬಿಡ್ತೀಯೇನು ಅಂತಾರ. ನಾ ಬಿಡೂದಿಲ್ಲ. ಮಗಳ ಅಲ್ಲಿದ್ದಾಳ. ಬಸುರಿ ಅದಾಳ."

ಅದನ್ನು ಹಾಗೇ ಇಂಗ್ಲಿಷಿನಲ್ಲಿ ಹೇಳಿದೆ. ಮುಚ್ಚಿಡಬೇಕೆನಿಸಿತು, ಆದರೆ ಪಕ್ಕದಲ್ಲಿ ಅವರೇ ಕೂತಿದ್ದರು. ಅಧಿಕಾರಿ ಪೆನ್ನು ಕೆಳಗಿಟ್ಟರು.

"ಯೆಸ್ ಅನ್ನಿ ಅಂತ ನಾನು ಹೇಳೋ ಹಾಗಿಲ್ಲ. ಆದರೆ ಇಷ್ಟು ಹೇಳಿ. ಈ ದೇಶದ ಜೊತೆ ನಿಲ್ತೀರಾ, ಇದರ ಕಾನೂನು ಪಾಲಿಸ್ತೀರಾ, ಇನ್ನೊಂದು ಸರಕಾರದ ಆಜ್ಞೆಗೆ ಇದನ್ನ ಬಿಟ್ಟುಕೊಡಲ್ಲ ತಾನೆ? ನಾವು ಕೇಳ್ತಿರೋದು ಅದು. ಮಗಳನ್ನ ಬಿಡಿ ಅಂತ ಕೇಳ್ತಿಲ್ಲ. ನಿಮ್ಮ ಹಳೇ ಪಾಸ್‌ಪೋರ್ಟನ್ನ ನಾನು ಮುಟ್ಟೋದೂ ಇಲ್ಲ. ಅದರ ಮಾತು ನಿಮ್ಮ ದೇಶದವರ ಹತ್ತಿರ ಆಡ್ಕೊಳ್ಳಿ."

ನಾನು ಕನ್ನಡದಲ್ಲಿ ಹೇಳಿದ್ದನ್ನು ಶಿವಕ್ಕ ಎರಡು ಸಲ ಕೇಳಿಸಿಕೊಂಡರು. ಇದು ಮಗಳ ಮನೆಗೆ ಹೋಗಬೇಡ ಅನ್ನುತ್ತದೆಯೇ ಎಂದು ಕೇಳಿದರು. ಇಲ್ಲ. ಇಲ್ಲಿನ ಮೊಮ್ಮಕ್ಕಳು ಈ ದೇಶದವರೇ ತಾನೆ ಎಂದು ಕೇಳಿದರು. ಹೌದು. ಅಧಿಕಾರಿಯ ಕಡೆ ತಿರುಗಿ "ಯೆಸ್" ಎಂದರು.

ವಾಪಸು ಬರುವಾಗ ಶಿವಕ್ಕ ಹೇಳಿದರು, "ಇವರು ಬಾ ಅಂದ್ರು ಅಷ್ಟ. ಬಿಟ್ಟು ಬಾ ಅನ್ನಾವರು ನಮ್ಮವರ ಅಂದಂಗಾತು. ನಾ ತಿರುವು ಮುರುವು ತಿಳಕೊಂಡಿದ್ದೆ."

ಏಪ್ರಿಲಿನಲ್ಲಿ ಪ್ರಮಾಣವಾಯಿತು. ಪಾಸ್‌ಪೋರ್ಟಿಗೆ ಅರ್ಜಿ ಹಾಕೋಣ, ವೀಸಾ ಮಾಡಿಸೋಣ, ಮೇ ಕೊನೆಗೆ ಹೊರಡೋಣ ಎಂದು ಸಿದ್ಧಲಿಂಗೇಶ್ ಲೆಕ್ಕ ಹಾಕಿದ್ದರು. ಮೇ ಆರಕ್ಕೆ ಬೆಳಗ್ಗೆ ಗದಗದಿಂದ ಅಳಿಯನ ಫೋನ್ ಬಂತು. ಸಿದ್ದೇಶ್ವರಿಯ ಕಾಲು ಊದಿಕೊಂಡಿದೆ, ಬಿ.ಪಿ. ಏರಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ, ಯಾವಾಗ ಬೇಕಾದರೂ ಹೆರಿಗೆ ಮಾಡಿಸಬಹುದು.

ನಾನು ಕೆಳಗೆ ಓಡಿದಾಗ ಸಿದ್ಧಲಿಂಗೇಶ್ ಹಳೆಯ ಪಾಸ್‌ಪೋರ್ಟನ್ನು ಮೇಜಿನ ಮೇಲೆ ಇಟ್ಟುಕೊಂಡು ಏರ್‌ಲೈನಿಗೆ ಫೋನ್ ಮಾಡುತ್ತಿದ್ದರು.

"ಅವ್ವಾ, ಇದು ಇನ್ನೂ ಎರಡು ವರ್ಷ ಐತಿ. ಇವತ್ತ ಸಂಜಿ ಫ್ಲೈಟ್ ಐತಿ. ಇದರ ಮ್ಯಾಲ ಹೋಗಿಬಿಡು. ಮುರಳೀಧರ ಅಂಕಲ್ಲೂ ಅದನ್ನ ಅಂದ್ರು."

ನಾನಾಗಿದ್ದರೆ ಹೋಗಿಬಿಡುತ್ತಿದ್ದೆ. ಹಾಗೆ ಹೇಳಿಯೂ ಹೇಳಿದೆ. ಶಿವಕ್ಕ ಆ ಪುಸ್ತಕವನ್ನು ತೆಗೆದುಕೊಂಡು ಸೆರಗಿನಲ್ಲಿ ಒರೆಸಿದರು.

"ಮುಂಬೈದಾಗ ಹಿಡದ್ರಂದ್ರ? ಮಗಳ ಅಲ್ಲಿ ಮಲಗಿರ್ತಾಳ, ನಾ ಇಲ್ಲಿ ಪೊಲೀಸರ ಮುಂದ ಕುಂತಿರ್ತೇನಿ."

"ಹಿಡಿಯೂದಿಲ್ಲ ಅವ್ವಾ. ಯಾರಿಗೆ ಗೊತ್ತಾಗ್ತೈತಿ?"

"ಹಿಡೀದಿದ್ರೂ ಬ್ಯಾಡೋ. ತವರಿಗೆ ಹಿತ್ತಲ ಬಾಗಿಲಿಂದ ಹೋಗಾಕ ನಾ ಏನ್ ಕಳವು ಮಾಡೇನಿ? ಕೇಳೇ ಹೋಗ್ತೇನಿ. ರಾಜವ್ವ, ಆಫೀಸು ಎಷ್ಟೊತ್ತಿಗೆ ತೆಗೀತಾರ?"

ಮೆಟ್ರೋ ಹತ್ತಿದೆವು. ಶಿವಕ್ಕ, ಸ್ಟ್ರೋಲರಿನಲ್ಲಿ ನಿಧಿ, ನಾನು. ವಾಷಿಂಗ್ಟನ್ನಿನ ಪಕ್ಕದಲ್ಲಿ ಇರುವುದರ ಒಂದು ಭಾಗ್ಯವೆಂದರೆ ಎರಡು ಸರಕಾರಗಳ ಕಚೇರಿಗಳೂ ಒಂದರಿಂದ ಒಂದಕ್ಕೆ ನಡೆದು ಹೋಗುವಷ್ಟು ದೂರದಲ್ಲಿವೆ. ಮೊದಲು ಅಮೆರಿಕದ ಪಾಸ್‌ಪೋರ್ಟ್ ಕಚೇರಿ. ಅಳಿಯ ಗದಗದ ಆಸ್ಪತ್ರೆಯಿಂದ ಕಳಿಸಿದ್ದ ಫ್ಯಾಕ್ಸ್ ತೋರಿಸಿದ ಮೇಲೆ, ಮಾರನೆಯ ದಿನ ಬೆಳಗ್ಗೆ ಬನ್ನಿ ಎಂದರು. ಮಾರನೆಯ ದಿನ ಬಿಸಿಬಿಸಿಯಾಗಿದ್ದ ನೀಲಿ ಪುಸ್ತಕ ಹಿಡಿದುಕೊಂಡು ಭಾರತದ ರಾಯಭಾರ ಕಚೇರಿಗೆ ನಡೆದೆವು. ಬಿಸಿಲಿತ್ತು. ನಿಧಿಯ ಬಾಟಲಿಯ ಹಾಲು ಕೆಟ್ಟಿರಬಹುದೆಂಬ ಯೋಚನೆ ನನಗೆ. ಶಿವಕ್ಕ ನನಗಿಂತ ಎರಡು ಹೆಜ್ಜೆ ಮುಂದೆ.

ಫಾರಂ ನಾನೇ ತುಂಬಿದೆ. ಹಿಂದಿನ ರಾಷ್ಟ್ರೀಯತೆ, ಇಂಡಿಯಾ. ಬರುವ ಉದ್ದೇಶ ಎಂಬಲ್ಲಿ ಪ್ರವಾಸ ಎಂದು ಬರೆಯಲು ಹೊರಟೆ.

"ಏನ್ ಬರದಿ?"

"ಟೂರಿಸ್ಟ್ ಅಂತ. ಎಲ್ಲಾರೂ ಅದೇ ಬರೆಯೋದು."

"ನಾ ಏನ್ ತಾಜಮಹಾಲ್ ನೋಡಾಕ ಹೊಂಟೇನೇನು? ಬಾಣಂತನ ಅಂತ ಬರಿ."

ಮಗಳ ಹೆರಿಗೆಗೆ ಎಂದು ಇಂಗ್ಲಿಷಿನಲ್ಲಿ ಬರೆದೆ. ಕೌಂಟರಿನಲ್ಲಿದ್ದವರು ತಲೆ ನರೆತ ಉತ್ತರ ಭಾರತದವರು. ಹಳೆಯ ಪಾಸ್‌ಪೋರ್ಟ್ ಕೇಳಿದರು. ಶಿವಕ್ಕ ಎರಡು ಕೈಯಿಂದ ಕೊಟ್ಟರು. ಆತ ಒಂದು ಕ್ಷಣ ಅವರ ಮುಖ ನೋಡಿದರು.

"ಸಾಮಾನ್ಯವಾಗಿ ಕಳೆದುಹೋಯಿತು ಅಂತಾರೆ" ಎಂದರು ನನ್ನ ಕಡೆ ತಿರುಗಿ.

ಮುದ್ರೆ ಬಿತ್ತು. ಪುಟದ ಮೂಲೆಯನ್ನು ಕತ್ತರಿಸಿದ ಸದ್ದಿಗೆ ಶಿವಕ್ಕ ಕಣ್ಣು ಮುಚ್ಚಿದರು. ನಾನು ಅವರ ಮೊಣಕೈ ಹಿಡಿದುಕೊಂಡೆ. ಪುಸ್ತಕವನ್ನು ಅವರಿಗೇ ವಾಪಸು ಕೊಟ್ಟರು. ಅವರು ನಿರೀಕ್ಷಿಸಿರಲಿಲ್ಲ. ಬಿಡಿಸಿ ಫೋಟೋದಲ್ಲಿನ ತಮ್ಮ ಮುಖ ನೋಡಿಕೊಂಡರು. "ಮಾರಿ ಕೊಯ್ದಿಲ್ಲ ಪಾಪ" ಎಂದರು.

ಆರು ತಿಂಗಳು ಮೀರಿ ಇರುವುದಾದರೆ ಊರಿನ ಪೊಲೀಸರಲ್ಲಿ ವಿದೇಶಿಯರೆಂದು ಹೆಸರು ಬರೆಸಬೇಕು ಎಂದು ಆತ ಹಿಂದಿಯಲ್ಲಿ ತಿಳಿಸಿದರು. ನಾನು ಅಂಜುತ್ತಾ ಅನುವಾದಿಸಿದೆ.

"ಬೆಟಗೇರಿ ಸ್ಟೇಷನ್ನಿನಾಗೇನು?" ಶಿವಕ್ಕನ ಮುಖ ಎರಡು ದಿನದಲ್ಲಿ ಮೊದಲ ಸಲ ಅರಳಿತು. "ಅಲ್ಲಿ ಕಾನ್‌ಸ್ಟೇಬಲ್ ಆಗ್ಯಾನಲ್ಲ ಸುರೇಶ, ನನ್ನ ಅಂಗನವಾಡ್ಯಾಗ ದಿನಾ ಚಡ್ಡಿ ಒದ್ದಿ ಮಾಡ್ಕೋತಿದ್ದ. ಬರಕೊಳ್ಳಲಿ."

ಸಂಜೆ ನಾಲ್ಕೂವರೆಗೆ ವೀಸಾ ಕೈಗೆ ಬಂತು. ಏಳರ ಹೊತ್ತಿಗೆ ಅವರು ವಾಷಿಂಗ್ಟನ್ನಿನ ಡಲ್ಲಸ್ ವಿಮಾನ ನಿಲ್ದಾಣದಲ್ಲಿದ್ದರು. ಒಂದು ದಿನ ತಡವಾಗಿತ್ತು. ಆ ಒಂದು ದಿನದಲ್ಲಿ ಏನಾದರೂ ಆದರೆ ಎಂಬ ಯೋಚನೆಯಲ್ಲಿ ಮುಂದಿನ ಮೂರು ದಿನ ನಾನು ಫೋನಿನ ಪಕ್ಕದಿಂದ ಏಳಲಿಲ್ಲ. ನಿಧಿಯ ಸ್ನಾನವೂ ಫೋನಿನ ಪಕ್ಕದಲ್ಲೇ ಆಯಿತು.

ನಾಲ್ಕನೆಯ ದಿನ ಬೆಳಗ್ಗೆ ಗಂಟೆ ಹೊಡೆಯಿತು. ಎಸ್‌ಟಿಡಿ ಬೂತಿನ ಗದ್ದಲದ ನಡುವೆ ಶಿವಕ್ಕನ ದನಿ.

"ಹೆಣ್ಣು. ನಾಕು ಪೌಂಡು. ನಾ ಬಂದು ಮುಟ್ಟಿದ ಮರುದಿನ ಹುಟ್ಟೇತಿ. ಸಣ್ಣದೈತಿ, ಆದ್ರ ಅಳು ದೊಡ್ಡದೈತಿ. ಸಿದ್ದೇಶ್ವರಿ ಆರಾಮ ಅದಾಳ. ಒಳಗ ಒಯ್ಯೂ ಮುಂದ ನನ್ನ ಕೈ ಹಿಡಕೊಂಡಿದ್ಲು."

ನಾನು ಅತ್ತದ್ದು ಅವರಿಗೆ ಕೇಳಿಸಿರಬೇಕು, ಬೇರೆ ಮಾತು ತೆಗೆದರು.

"ಮುಂಬೈದಾಗ ಪರದೇಶದವರ ಸಾಲಿನಾಗ ನಿಂತಿದ್ದೆ. ಒಬ್ಬ ಪೊಲೀಸಪ್ಪ ಬಂದು, ಅಮ್ಮಾ, ನಮ್ಮವರ ಸಾಲು ಆ ಕಡೆ ಅಂದ. ಇಲ್ಲಪ್ಪ, ನನ್ನ ಸಾಲು ಇದ ಅಂದೆ. ಸೀರಿ ನೋಡಿದ, ಪುಸ್ತಕ ನೋಡಿದ. ಏನ್ ಕೆಲಸಕ್ಕ ಬಂದೀರಿ ಅಂದ. ಬಾಣಂತನಕ್ಕ ಅಂದೆ. ಅವಂಗ ತಿಳಿಲಿಲ್ಲ, ಕೈಲೆ ಕೂಸು ತೂಗಿ ತೋರಿಸಿದೆ. ಎಲ್ಲಾರಕಿಂತ ಮುಂದ ಕರಕೊಂಡು ಹೋಗಿ ನಿಲ್ಲಿಸಿದ."

"ನವೆಂಬರಿಗೆ ನೀವು ಹೋಗಿ ಆರು ತಿಂಗಳಾಗುತ್ತೆ ಶಿವಕ್ಕ, ಪೊಲೀಸರಲ್ಲಿ ಹೆಸರು ಬರೆಸೋದು ಮರೀಬೇಡಿ. ಯಾವಾಗ ವಾಪಸ್ ಬರ್ತೀರಿ?"

"ನೀ ಹಂಗ ಕೇಳ್ತಿ. ಇಲ್ಲಿ ಎಲ್ಲಾರೂ ಯಾವಾಗ ವಾಪಸ್ ಹೊಕ್ಕೀರಿ ಅಂತ ಕೇಳ್ತಾರ."

"ಅವರಿಗೆ ಏನಂತೀರಿ?"

"ಬಾಣಂತಿಗೆ ಊಟಕ್ಕ ಕೊಡೂ ಹೊತ್ತಾತು ಅಂತೇನಿ. ಫೋನ್ ಇಡ್ಲೇನವಾ?"