ದ್ರಾಕ್ಷಿ ತೋಟದ ಮೇಲೆ ಬಿದ್ದ ಚುಕ್ಕೆ

ಶಕುನ, ದೆವ್ವ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ಯಾವತ್ತೂ ನಂಬಿದವಳಲ್ಲ. ಹಲ್ಲಿ ಲೊಚಗುಟ್ಟಿದರೆ ನಮ್ಮತ್ತೆ ನೆಲ ಮುಟ್ಟಿ ಕೃಷ್ಣ ಕೃಷ್ಣ ಎನ್ನುತ್ತಿದ್ದರು. ಅದಕ್ಕೊಂದು ಸೊಳ್ಳೆ ಸಿಕ್ಕಿರಬೇಕು ಎಂದು ನಾನು ಅಂದುಕೊಳ್ಳುತ್ತಿದ್ದೆ. ನಿಮ್ಮ ತಾತ ತೀರಿಕೊಂಡಾಗ ಕಾಗೆ ಎಡೆ ಮುಟ್ಟಲಿಲ್ಲವೆಂದು ನೆಂಟರೆಲ್ಲ ಗಾಬರಿಯಾದರು. ಪಕ್ಕದ ಮನೆಯಲ್ಲಿ ಅವತ್ತು ಮದುವೆಯ ಎಂಜಲೆಲೆ ಬಿದ್ದಿತ್ತು, ಕಾಗೆಗೆ ಹೊಟ್ಟೆ ತುಂಬಿತ್ತು. ಅದನ್ನೂ ನಾನು ಬಾಯಿಬಿಟ್ಟು ಹೇಳಲಿಲ್ಲ. ನಾಲ್ಕು ಜನರ ಮುಂದೆ ಮಾತಾಡುವ ಸ್ವಭಾವ ನನ್ನದಲ್ಲ. ಏಳನೇ ತರಗತಿಯವರೆಗೆ ಊರ ಶಾಲೆಯಲ್ಲಿ ಓದಿದ್ದರಿಂದ ಬರೆಯುವುದು ಮಾತ್ರ ನನಗೆ ಮಾತಿಗಿಂತ ಸುಲಭ.

ಈಗ ಬರೆಯುತ್ತಿರುವುದು ನಿಮ್ಮಪ್ಪಂದಿರು ಬಡಿದಾಡಿಕೊಂಡ ದಿನದ ಸಂಗತಿ. ಮುನಿರಾಜ ನಿಮ್ಮಲ್ಲಿ ಮೂವರಿಗೆ ಅಪ್ಪ, ಆಂಜಿನಪ್ಪ ಇಬ್ಬರಿಗೆ. ಆಸ್ಪತ್ರೆಯ ಕತೆ ನಿಮಗೆಲ್ಲ ಗೊತ್ತು. ಅವತ್ತು ನಾನು ಎಲ್ಲಿದ್ದೆ, ಏನು ನೋಡಿದೆ ಎಂಬುದನ್ನು ನಿಮ್ಮಲ್ಲಿ ಹೆಚ್ಚಿನವರು ಕೇಳಿಲ್ಲ, ನಾನೂ ಪೂರ್ತಿ ಹೇಳಿಲ್ಲ.

ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದು ಹತ್ತು ವರ್ಷ ಆಗುತ್ತಾ ಬಂದಿತ್ತು, ಸುತ್ತಲ ಜಮೀನಿಗೆಲ್ಲ ಬೆಲೆ ಏರಿತ್ತು. ನಮಗೆ ಎರಡೆಕರೆ ದ್ರಾಕ್ಷಿ ತೋಟ. ಈಗ ಅಲ್ಲಿ ಗೋದಾಮು ಇರುವುದರಿಂದ ನಿಮ್ಮಲ್ಲಿ ಚಿಕ್ಕವರು ಆ ತೋಟ ನೋಡಿಲ್ಲ. ದ್ರಾಕ್ಷಿ ಚಪ್ಪರ ಎಂದರೆ ಸಾಲು ಸಾಲು ಕಲ್ಲುಕಂಬ, ಕಂಬದ ತಲೆಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಬಿಗಿದ ತಂತಿ, ಆ ತಂತಿಯ ಮೇಲೆ ಬಳ್ಳಿ. ಈ ತುದಿಯಿಂದ ಆ ತುದಿಗೆ ಒಂದೇ ಎಳೆ. ಹೊಲವನ್ನಾದರೆ ನಡುವೆ ಬದು ಹಾಕಿ ಭಾಗ ಮಾಡಬಹುದು. ಚಪ್ಪರವನ್ನು ಹಾಗೆ ಮಾಡಲು ಬರುವುದಿಲ್ಲ. ನಡುವೆ ತಂತಿ ಕತ್ತರಿಸಿದರೆ ಬಿಗಿ ಸಡಿಲಿ ಎರಡೂ ಕಡೆ ನೆಲಕ್ಕೆ ಕೂರುತ್ತದೆ. ನಿಮ್ಮ ತಾತ ಭಾಗ ಮಾಡದೆಯೇ ಹೋಗಿದ್ದರು. ಮುನಿರಾಜನಿಗೆ ತನ್ನ ಅರ್ಧ ಮಾರಿ ಲಾರಿ ತೆಗೆದುಕೊಳ್ಳುವ ಆಸೆ. ನೋಡಲು ಬಂದವರು, ಭಾಗ ಆಗಿದ್ದರೆ ಮಾತ್ರ ಕೊಳ್ಳುತ್ತೇವೆ ಅಂದಿದ್ದರು. ಆಂಜಿ, ಇನ್ನೊಂದು ತಿಂಗಳಿಗೆ ಕೊಯ್ಲು, ಅಲ್ಲಿಯವರೆಗೆ ತಂತಿಗೆ ಕೈ ಹಚ್ಚಬೇಡ ಎಂದ. ಒಂದು ತಿಂಗಳು ಎನ್ನುವುದು ಅಷ್ಟು ದೊಡ್ಡ ಮಾತಾಗಿತ್ತು ಆಗ ನಮ್ಮ ಮನೆಯಲ್ಲಿ.

ಅವತ್ತು ಬೆಳಗ್ಗೆ ಮುನಿರಾಜ ತಂತಿ ಕತ್ತರಿಸುವ ಕಟರು ತಂದು ಜಗಲಿಯ ಮೇಲಿಟ್ಟ. ಆಂಜಿ ಅದನ್ನು ತೆಗೆದು ತಿಪ್ಪೆಗೆ ಎಸೆದ. ಅಷ್ಟೇ. ಮುನಿರಾಜ ತಮ್ಮನ ಕೊರಳಪಟ್ಟಿ ಹಿಡಿದು ಕೊಟ್ಟಿಗೆಗೆ ಎಳೆದುಕೊಂಡು ಹೋಗಿ ಗುದ್ದಲಿ ಕಾವಿನಿಂದ ಬೆನ್ನಿಗೆ, ತೊಡೆಗೆ, ಮುಖಕ್ಕೆ ಹೊಡೆದ. ಒಂದು ಹಲ್ಲು ರಕ್ತದ ಜೊತೆ ಗಂಜಲದಲ್ಲಿ ಬಿತ್ತು. ಬಿಡಿಸಲು ಹೋದ ಆಂಜಿಯ ಹೆಂಡತಿಗೆ ಮೊಣಕೈ ತಗುಲಿ ತುಟಿ ಸೀಳಿತು. ನಾನು ಬಾಗಿಲಲ್ಲಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದೆ. ಹೆತ್ತ ಮಗನನ್ನು ಕಂಡು ಅಷ್ಟು ಅಸಹ್ಯ ನನಗೆ ಹಿಂದೆಂದೂ ಆಗಿರಲಿಲ್ಲ.

ಇಬ್ಬರೂ ಮಾತು ಕೇಳುತ್ತಿದ್ದದ್ದು ಒಬ್ಬಳದೇ, ನನ್ನ ತಂಗಿಯ ಮಗಳು ಶೋಭಾಳದು. ಅವಳು ವಿಜಯಪುರದಲ್ಲಿ ಬ್ರೌಸಿಂಗ್ ಸೆಂಟರ್ ಇಟ್ಟಿದ್ದಳು. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಜೆರಾಕ್ಸ್. ಮಧ್ಯಾಹ್ನ ಬಸ್ಸು ಹತ್ತಿ ಎಂಟು ಕಿಲೋಮೀಟರು ದೂರದ ಅವಳ ಅಂಗಡಿಗೆ ಹೋದೆ. ನನ್ನ ಮುಖ ನೋಡಿದವಳೇ ಎಲ್ಲ ಅರ್ಥ ಮಾಡಿಕೊಂಡಳು. "ಅಳ್ಬ್ಯಾಡ ದೊಡ್ಡಮ್ಮ. ಐದು ಗಂಟೆಗೆ ಬಾಗ್ಲು ಹಾಕಿ ನಾನೇ ಬತ್ತೀನಿ. ಇಬ್ಬರ ಕಿವೀನೂ ಹಿಂಡ್ತೀನಿ" ಎಂದು ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಳು.

ಅಂಗಡಿ ತುಂಬ ಗಂಡಸರು. ನಾನು ಗೋಡೆ ಕಡೆ ಮುಖ ಮಾಡಿ ಕೂತೆ. ನನ್ನ ಮನಸ್ಸು ತಿರುಗಿಸಲು ಶೋಭಾ ಕಂಪ್ಯೂಟರಿನಲ್ಲಿ ಒಂದೊಂದೇ ವಿಚಿತ್ರ ತೆಗೆದು ತೋರಿಸಿದಳು. ಒಂದರಲ್ಲಿ ಭೂಮಿಯ ಉಂಡೆ ತಿರುಗುತ್ತಿತ್ತು. ಯಾವ ದೇಶದ ಮೇಲೆ ಒತ್ತಿದರೂ ಆ ಗಳಿಗೆಯಲ್ಲಿ ಅಲ್ಲಿನ ರೇಡಿಯೊದಲ್ಲಿ ಬರುತ್ತಿರುವ ಹಾಡು ಕೇಳಿಸುತ್ತಿತ್ತು. ಇನ್ನೊಂದರಲ್ಲಿ ಚೌಕಾಬಾರದಂಥ ಆಟ, ಎದುರಾಳಿ ಯಾರೋ ಕಾಣದವರು. ನನ್ನ ಕಾಯಿ ಹೊಡೆದಾಗ ಅವರು ಒಂದು ನಗುವ ಮುಖ ಕಳಿಸಿದರು. ಮೂರನೆಯದು ಸಿಡಿಲಿನ ನಕ್ಷೆ.

ಅದನ್ನು ಸರಿಯಾಗಿ ಹೇಳಬೇಕು. ಕಪ್ಪು ನಕ್ಷೆ. ಎಲ್ಲಿ ಸಿಡಿಲು ಬಡಿಯಿತೋ ಅಲ್ಲಿ ಟಿಕ್ ಎಂದು ಬಿಳಿ ಚುಕ್ಕೆ ಬೀಳುತ್ತದೆ. ಚುಕ್ಕೆಯಿಂದ ಒಂದು ಬಳೆ ಎದ್ದು ನಿಧಾನಕ್ಕೆ ದೊಡ್ಡದಾಗುತ್ತದೆ. ಬಳೆ ಎಲ್ಲಿಗೆ ಮುಟ್ಟಿತೋ ಅಲ್ಲಿಗೆ ಗುಡುಗಿನ ಸದ್ದು ಮುಟ್ಟಿತು ಎಂದು ಲೆಕ್ಕ. "ಬೀಳೋದನ್ನ ಮೊದ್ಲೇ ಹೇಳುತ್ತಾ ಇದು?" ಎಂದು ಕೇಳಿದೆ. "ಇಲ್ಲ ದೊಡ್ಡಮ್ಮ, ಬಿದ್ ಮ್ಯಾಲೇನೇ. ಬಿದ್ದಿದ್ದನ್ನ ಯಂತ್ರ ಹಿಡ್ಕೊಂಡು ತೋರುಸ್ತದೆ ಅಷ್ಟೆ" ಎಂದಳು. ಸೂಲಿಬೆಲೆ ಕಡೆ ಆಗಲೇ ನಾಲ್ಕೈದು ಚುಕ್ಕೆ ಇದ್ದವು. ನಮ್ಮ ಕಡೆ ಒಂದೂ ಇರಲಿಲ್ಲ.

ಅವಳು ನಕ್ಷೆಯನ್ನು ಹಿಗ್ಗಿಸುತ್ತಾ ಹೋದಳು. ಕಪ್ಪು ಹೋಗಿ ಮೇಲಿಂದ ತೆಗೆದ ಫೋಟೊ ಬಂತು. ನಮ್ಮೂರ ಕೆರೆ, ಗುಡಿಯ ಮುಂದಿನ ಅರಳಿಮರ, ನಮ್ಮ ಚೌಕದ ಬಾವಿ, ಬಾವಿಯಿಂದ ಆಚೆಗೆ ಬಾಚಣಿಗೆಯಲ್ಲಿ ಬಾಚಿದ ಹಾಗೆ ನಮ್ಮ ದ್ರಾಕ್ಷಿ ಚಪ್ಪರ. ಮದುವೆಯಾಗಿ ಬಂದಾಗಿನಿಂದ ಅದರ ಕೆಳಗೆ ಬಗ್ಗಿ ಓಡಾಡಿದವಳು ನಾನು, ಮೇಲಿಂದ ಕಂಡದ್ದು ಅದೇ ಮೊದಲು. ನೋಡುತ್ತಿದ್ದ ಹಾಗೆಯೇ ಟಿಕ್ ಎಂದಿತು. ಬಾವಿಯ ಪಕ್ಕದ ಮೂಲೆಯಲ್ಲಿ, ಚಪ್ಪರದ ಮೇಲೆ ಬಿಳಿ ಚುಕ್ಕೆ ಬಿತ್ತು.

"ಅಯ್ಯೋ, ನಿಮ್ ತೋಟಕ್ಕೇ ಬಿತ್ತಲ್ಲ ದೊಡ್ಡಮ್ಮ!" ಎಂದು ಶೋಭಾ ಎದ್ದು ನಿಂತು ನಕ್ಷೆಯನ್ನು ಮತ್ತೆ ಕುಗ್ಗಿಸಿದಳು. ಬಳೆ ದೊಡ್ಡದಾಗುತ್ತಾ ಬಂದು ವಿಜಯಪುರವನ್ನು ದಾಟಿ ಹೋಯಿತು. ಗುಡುಗು ಕೇಳಿಸಲಿಲ್ಲ. ಬೀದಿಯಲ್ಲಿ ಬಿಸಿಲಿತ್ತು.

ನನ್ನ ಹತ್ತಿರ ಗುಂಡಿ ಒತ್ತುವ ಸಣ್ಣ ಫೋನು. ಎರಡನ್ನು ಒತ್ತಿ ಹಿಡಿದರೆ ಮುನಿರಾಜನಿಗೆ ಹೋಗುತ್ತಿತ್ತು, ಮೂರನ್ನು ಹಿಡಿದರೆ ಆಂಜಿಗೆ. ಎರಡನ್ನು ಹಿಡಿದೆ.

ಆ ಕಡೆ ಏನು ನಡೆಯುತ್ತಿತ್ತು ಎಂಬುದನ್ನು ಅವರಿಬ್ಬರೂ ಆಮೇಲೆ ಹೇಳಿದ್ದಾರೆ. ಮುನಿರಾಜ ತಿಪ್ಪೆಯಿಂದ ಕಟರು ಹುಡುಕಿ ತೆಗೆದು ತೋಟಕ್ಕೆ ಹೋಗಿದ್ದ. ಮೊದಲ ತಂತಿ ಕತ್ತರಿಸಿದಾಗ ಅದು ಚಾವಟಿಯ ಹಾಗೆ ಹಿಂದಕ್ಕೆ ಚಿಮ್ಮಿ, ಓಡಿ ಬರುತ್ತಿದ್ದ ಆಂಜಿಯ ಕೆನ್ನೆಯನ್ನು ಕಿವಿಯವರೆಗೆ ಸೀಳಿತು. ಆಂಜಿಯ ಕೈಯಲ್ಲಿ ಮಚ್ಚಿತ್ತು. ಅಣ್ಣನ ಭುಜಕ್ಕೆ ಇಳಿಸಿದ. ಮೂಳೆಗೆ ತಾಗಿ ನಿಂತಿತಂತೆ. ಕಿತ್ತುಕೊಂಡು ಮತ್ತೆ ಎತ್ತಿದ. ಮುನಿರಾಜ ರಕ್ತ ಸೋರುತ್ತಿದ್ದರೂ ಹಟಕ್ಕೆ ಎರಡನೆಯ ತಂತಿಗೆ ಕಟರು ಹಚ್ಚಿದ. ಆಂಜಿ ಬಲಗೈಯಲ್ಲಿ ಆ ತಂತಿಯನ್ನೇ ಹಿಡಿದುಕೊಂಡು, ಮಚ್ಚನ್ನು ಎಡಗೈಗೆ ಬದಲಾಯಿಸಿ, ಈ ಸಾರಿ ಕುತ್ತಿಗೆ ಎಂದು ಗುರಿ ನೋಡುತ್ತಿದ್ದನಂತೆ. ಅದನ್ನು ಅವನೇ ನನಗೆ ಹೇಳಿದ್ದು. ಆಗ ಮುನಿರಾಜನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಇರ್ಲಾ, ಅವ್ವ ಫೋನ್ ಮಾಡವ್ಳೆ" ಎಂದನಂತೆ ಮುನಿರಾಜ.

"ಮಾತಾಡ್ಕೊಂಡ್ ಬಾ. ಆಮ್ಯಾಕ್ ಕಡೀತೀನಿ" ಎಂದನಂತೆ ಆಂಜಿ.

ನನಗೆ ಮೊದಲು ಕೇಳಿಸಿದ್ದು ಮುನಿರಾಜನ ಏದುಸಿರು ಮಾತ್ರ. ಸಿಡಿಲು ಬಿತ್ತಾ ಎಂದು ಕೇಳಿದೆ. "ಸಿಡ್ಲಾ? ಎಲ್ಲವ್ವಾ ಸಿಡ್ಲು? ಬಿಸ್ಲು ಹೊಡೀತೈತೆ ಇಲ್ಲಿ. ಮಡುಗು ಫೋನ್ನ" ಎಂದ. ಹಿಂದೆ ಆಂಜಿ ಬೈಯುತ್ತಿರುವುದು ಕೇಳಿಸಿತು. ನನ್ನ ಕಣ್ಣೆದುರು ಆ ಚುಕ್ಕೆ ಹಾಗೆಯೇ ಇತ್ತು. ನನಗೆ ಏನಾಯಿತೋ, ಅಷ್ಟು ಗಂಡಸರ ನಡುವೆ ಕುರ್ಚಿಯಿಂದ ಎದ್ದು ಗಂಟಲು ಹರಿಯುವ ಹಾಗೆ ಕೂಗಿದೆ. "ಮುನಿರಾಜಾ, ಚಪ್ಪರ ಬಿಟ್ಟು ಆಚೆ ಬಾರೋ! ಈಗ್ಲೇ ಬಾರೋ!" ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಏನೋ ಗೊಣಗುತ್ತಾ ಬಗ್ಗಿ ಹೊರಗೆ ಬರುವ ಸದ್ದು, ತರಗೆಲೆ ತುಳಿಯುವ ಸದ್ದು ಕೇಳಿಸಿತು. ಆಮೇಲೆ ಹೊಸ ಬಟ್ಟೆ ಹರಿದ ಹಾಗೆ ಒಂದು ಶಬ್ದ. ಫೋನು ಸತ್ತಿತು.

ನಕ್ಷೆಯ ಮೇಲೆ ಹೊಸ ಚುಕ್ಕೆ ಬೀಳಲಿಲ್ಲ. ಶೋಭಾ, ನಾನು ಇಬ್ಬರೂ ಅದನ್ನೇ ನೋಡುತ್ತಿದ್ದೆವು. ಇಪ್ಪತ್ತು ಎಣಿಸುವಷ್ಟರಲ್ಲಿ ಕಿಟಕಿಯ ಗಾಜು ಅದುರುವ ಹಾಗೆ ಗುಡುಗು ಬಂತು.

ಸಿಡಿಲು ಬಾವಿಯ ಪಕ್ಕದ ಮೂಲೆ ಕಂಬಕ್ಕೆ ಹೊಡೆದಿತ್ತು. ಕಲ್ಲು ಎರಡು ಹೋಳು. ಬೆಂಕಿ ತಂತಿಯ ಉದ್ದಕ್ಕೂ ಓಡಿ ಬಳ್ಳಿ ಗೆರೆ ಎಳೆದ ಹಾಗೆ ಕರಕಲಾಗಿತ್ತು. ಕಾಯಿ ಸಿಡಿದು ಕಂಬಗಳಿಗೆ ಅಂಟಿತ್ತು. ಕೆಳಗೆ ಮಲಗಿದ್ದ ನಮ್ಮ ನಾಯಿ ಮಲಗಿದಲ್ಲೇ ಸತ್ತಿತ್ತು. ಆಂಜಿಯನ್ನು ಸಿಡಿಲು ಎರಡು ಸಾಲು ಆಚೆಗೆ ಎಸೆದಿತ್ತು. ಅಂಗೈಯ ಚರ್ಮ ತಂತಿಯಲ್ಲೇ ಉಳಿದಿತ್ತು. ಉಸಿರಿರಲಿಲ್ಲ. ಮುನಿರಾಜ ಅವನ ಎದೆಯ ಮೇಲೆ ಕೂತು ಗುದ್ದಿದನಂತೆ, ಕೂಗುತ್ತಾ, ಬೈಯುತ್ತಾ, ಬೆಳಗ್ಗೆ ಹೊಡೆದದ್ದಕ್ಕಿಂತ ಜೋರಾಗಿ. ಯಾವಾಗ ಉಸಿರು ಬಂತೋ ಅವನಿಗೇ ಗೊತ್ತಾಗಲಿಲ್ಲ. ಅಷ್ಟರಲ್ಲಿ ಗೋಲಿಯಷ್ಟು ದಪ್ಪ ಆಲಿಕಲ್ಲು ಶುರುವಾಗಿತ್ತು. ಸೀಳಿದ ಭುಜದ ಮೇಲೆಯೇ ತಮ್ಮನನ್ನು ಹಾಕಿಕೊಂಡು ರಸ್ತೆಗೆ ಓಡಿ, ನೀರಿನ ಟ್ಯಾಂಕರಿಗೆ ಅಡ್ಡ ನಿಂತು, ದೇವನಹಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದ.

ಮರುದಿನ ಕಣ್ಣುಬಿಟ್ಟ ಆಂಜಿ ಮೊದಲು ಆಡಿದ ಮಾತು, "ಎರಡ್ನೇ ತಂತಿ ಕತ್ತರುಸ್ಬುಟ್ಯಾ?"

"ಇಲ್ಲ ಕಣ್ಲಾ" ಎಂದು ಮುನಿರಾಜ ಗೋಡೆಗೆ ಹಣೆ ಹಚ್ಚಿ ಅತ್ತ. ಚಪ್ಪರವನ್ನು ಆಮೇಲೆ ಯಾರೂ ಭಾಗ ಮಾಡಲಿಲ್ಲ. ಮೂರು ವರ್ಷ ಕಳೆದು ಇಬ್ಬರೂ ಒಟ್ಟಿಗೇ ಮಾರಿದರು.

ಇನ್ನು ನನ್ನ ಮಾತು. ಆ ವಾರ ಶೋಭಾ ಅದೇ ಪುಟದಲ್ಲಿ ಹಿಂದಿನ ಚುಕ್ಕೆಗಳನ್ನು ಹುಡುಕಿ ತೆಗೆದಳು. ಅವತ್ತು ನಮ್ಮ ತೋಟದ ಮೇಲೆ ಬಿದ್ದದ್ದು ಒಂದೇ ಚುಕ್ಕೆ. ಹೊತ್ತು ನಾಲ್ಕು ಗಂಟೆ ಹದಿನೇಳು ನಿಮಿಷ ಎಂದು ಬರೆದಿತ್ತು. ನನ್ನ ಫೋನಿನಲ್ಲಿ ಮುನಿರಾಜನಿಗೆ ಕರೆ ಹೋದದ್ದು ನಾಲ್ಕು ಹದಿನೈದಕ್ಕೆ. ಚುಕ್ಕೆ ಕಂಡದ್ದರಿಂದಲೇ ನಾನು ಕರೆ ಮಾಡಿದ್ದು. ಮುನಿರಾಜನ ದೊಡ್ಡ ಮಗ ಡಿಪ್ಲೊಮಾ ಓದುವಾಗ ಇದನ್ನು ಕೇಳಿ, "ಫೋನಿನ ಗಡಿಯಾರ ಹಿಂದೆ ಇದ್ದಿರತ್ತೆ ಅಜ್ಜಿ" ಎಂದ. ಇರಬಹುದು. ಆದರೆ ಸಿಡಿಲು ಎಲ್ಲಿ ಎಂದು ಅವನಪ್ಪ ನನ್ನನ್ನು ಕೇಳಿದ್ದು ಗಡಿಯಾರಕ್ಕೆ ಸೇರಿದ ಮಾತಲ್ಲ. ಶೋಭಾ ಆ ಪುಟವನ್ನು ಮತ್ತೆ ಯಾವತ್ತೂ ತೆರೆಯಲಿಲ್ಲ. ಈಗಲೂ ಆ ವಿಷಯ ಎತ್ತಿದರೆ, "ಬ್ಯಾಡ ಬುಡಿ ದೊಡ್ಡಮ್ಮ" ಎಂದು ಎದ್ದು ಹೋಗುತ್ತಾಳೆ.

ಆದರೆ ನನ್ನನ್ನು ತಿನ್ನುವುದು ಬೇರೆಯದು. ಹೋದ ತಿಂಗಳು ಆಂಜಿಯ ಮಗಳು ಚೈತ್ರ, "ಅಜ್ಜಿ, ನೀನ್ಯಾಕೆ ನಮ್ಮಪ್ಪಂಗೆ ಫೋನ್ ಮಾಡ್ಲಿಲ್ಲ?" ಎಂದು ಕೇಳಿದಳು. ಕೋಪದಿಂದ ಕೇಳಲಿಲ್ಲ, ಸುಮ್ಮನೆ ಕೇಳಿದಳು. ಅಲ್ಲೇ ಇದ್ದ ಆಂಜಿ, "ಮಾಡಿದ್ರೆ ನಾನೆಲ್ಲಿ ಎತ್ತಿರ್ತಿದ್ದೆ, ಒಂದ್ ಕೈಯಾಗ್ ತಂತಿ, ಒಂದ್ ಕೈಯಾಗ್ ಮಚ್ಚು" ಎಂದು ನಕ್ಕ. ಎರಡು ಆದಮೇಲೆ ಮೂರಲ್ಲವೇ ಮಗ, ಬೆರಳಿಗೆ ಅಭ್ಯಾಸ ಎಂದು ನಾನೂ ನಕ್ಕೆ.

ಅದು ಪೂರ್ತಿ ನಿಜವಲ್ಲ. ಯಾರಿಗೆ ಕರೆ ಹೋಯಿತು ಎಂಬುದು ಬೆರಳಿನ ಅಭ್ಯಾಸ, ಒಪ್ಪುತ್ತೇನೆ. ಆದರೆ ಫೋನಿನಲ್ಲಿ ಆಂಜಿಯ ದನಿ ನನಗೆ ಕೇಳಿಸಿತ್ತು. ಅವನೂ ಚಪ್ಪರದ ಕೆಳಗೇ ಇದ್ದಾನೆ ಎಂದು ನನಗೆ ಗೊತ್ತಿತ್ತು. ಇಬ್ಬರೂ ಬನ್ನಿ ಎನ್ನಲು ಒಂದು ಉಸಿರೂ ಹೆಚ್ಚು ಬೇಕಾಗಿರಲಿಲ್ಲ. ನಾನು ಕೂಗಿದ್ದು ಒಬ್ಬನ ಹೆಸರು. ಬೆಳಗ್ಗೆಯಿಂದ ನನ್ನ ಕರುಳು ಪೆಟ್ಟು ತಿಂದ ಆಂಜಿಗಾಗಿ ಉರಿಯುತ್ತಿತ್ತು. ಮುನಿರಾಜನ ಮುಖ ನೋಡುವುದೇ ಬೇಡವಾಗಿತ್ತು. ಹಾಗಿರುವಾಗ ಅವನ ಹೆಸರೊಂದೇ ನನ್ನ ಬಾಯಿಂದ ಯಾಕೆ ಬಂತು? ಬೀಳದ ಸಿಡಿಲನ್ನು ಎರಡು ನಿಮಿಷ ಮೊದಲು ತೋರಿಸಿದ್ದು ಯಾವುದೋ, ಆ ಹೆಸರನ್ನು ಆರಿಸಿದ್ದೂ ಅದೇನಾ, ಅಥವಾ ನಾನೇನಾ? ಎಷ್ಟೋ ವರ್ಷದಿಂದ ಯೋಚಿಸುತ್ತಿದ್ದೇನೆ, ಗೊತ್ತಾಗಿಲ್ಲ.

ಮುನಿರಾಜನಿಗೆ ತನ್ನೊಬ್ಬನನ್ನೇ ಕರೆದದ್ದು ಗೊತ್ತು. ಅವನು ಯಾವತ್ತೂ ಬಾಯಿಬಿಟ್ಟಿಲ್ಲ. ಆಂಜಿಗೆ ಗೊತ್ತಿಲ್ಲ. ಹೇಳುವ ಧೈರ್ಯ ನನಗೆ ಬರಲಿಲ್ಲ. ನಿಮ್ಮಲ್ಲಿ ಯಾರಾದರೂ ಇದನ್ನು ಅವನಿಗೆ ಓದಿ ಹೇಳುವುದಾದರೆ, ಅವನ ಎಡಗಡೆ ಕೂತು ಓದಿ. ಬಲಗಿವಿ ಅವತ್ತಿನಿಂದ ಕೇಳಿಸುವುದಿಲ್ಲ.